ಶಾಕ್ ಹೊಡೆಯದ ಕರೆಂಟ್

ಜೂನ್ 9, ಸೋಮವಾರ
ಆರನೇ ಕರೆಂಟ್. ಚೀಟಿಯಲ್ಲಿ ರೇಡಿಯೇಶನ್ ಅಂತಿದೆ, ಜನರೆಲ್ಲ ಕರೆಂಟ್ ಅನ್ನುತ್ತಾರೆ. ನಂಜನಗೂಡಿನಿಂದ ಮೈಸೂರಿನ ಆಸ್ಪತ್ರೆಗೆ ಏಳೂವರೆ ಬಸ್ಸು. ಜೊತೆಗೆ ಮಗಳು ಪವಿತ್ರ. ನನ್ನ ಮೇದೋಜೀರಕದಲ್ಲಿ ಗಡ್ಡೆ. ಮೊದಲು ಕರೆಂಟ್, ಆಮೇಲೆ ಆಪರೇಷನ್ ಅಂದಿದ್ದಾರೆ.
ಮಲಗಿಸಿದರು. ಮೆಷಿನ್ ಸುತ್ತಿತು. ಏಳಿ ಅಂದರು. ಅಷ್ಟೇ! ಜುಮ್ಮೂ ಇಲ್ಲ, ಬಿಸಿಯೂ ಇಲ್ಲ. ಮೂವತ್ತೊಂದು ವರ್ಷ ಲೈನ್‌ಮನ್ ಆಗಿದ್ದವನು. ಮೈಯಲ್ಲಿ ಕರೆಂಟ್ ಹರಿದರೆ ಗೊತ್ತಾಗದೇ?

ಜೂನ್ 11
ಕರೆಂಟ್ ಯಾಕೆ ಗೊತ್ತಾಗುವುದಿಲ್ಲ ಎಂದು ಮೆಷಿನ್ ನೋಡಿಕೊಳ್ಳುವ ವಾಣಿಯನ್ನು ಕೇಳಿದೆ. "ನೋವಾಗಲ್ಲ ಅಂಕಲ್, ಅಲ್ಲಾಡ್ಬೇಡಿ" ಅಂದು ಹೊರಗೆ ಓಡಿ ಬಾಗಿಲು ಹಾಕಿಕೊಂಡಳು. ಸಪ್ಲೈ ಇಲ್ಲದಿದ್ದರೆ ಓಡುವುದೇಕೆ? ಇದ್ದರೆ ನನಗೇಕೆ ಹೊಡೆಯುವುದಿಲ್ಲ?

ಜೂನ್ 12, ಸಂಜೆ
ಹಿತ್ತಲಲ್ಲಿ ಪವಿತ್ರ ಗಂಡನಿಗೆ ಫೋನಿನಲ್ಲಿ — "ಆಪರೇಷನ್ ಆಯ್ತದೋ ಇಲ್ವೋ ಗೊತ್ತಿಲ್ಲ ಕಣ್ರೀ. ಅಪ್ಪಂಗೆ ಮಾತ್ರ ಹೇಳ್ಬೇಡಿ."
ಅಂದರೆ ಕೇಸ್ ಮುಗಿದಿದೆ. ಸಮಾಧಾನಕ್ಕೆ ಖಾಲಿ ಮೆಷಿನ್ ಕೆಳಗೆ ಮಲಗಿಸುತ್ತಿದ್ದಾರೆ. ಹೆತ್ತ ಮಗಳೂ ಸೇರಿಕೊಂಡಳಲ್ಲ… ನಾಳೆಯಿಂದ ಹೋಗುವುದಿಲ್ಲ.

ಜೂನ್ 18
ಶನಿವಾರ, ಭಾನುವಾರದ ರಜೆ ಬಿಟ್ಟು ನಾಲ್ಕು ದಿನ ಆಸ್ಪತ್ರೆಗೆ ಹೋಗಿಲ್ಲ. ಒಬ್ಬನೇ ಹೋಗುತ್ತೇನೆ ಎಂದು ಪವಿತ್ರಳನ್ನು ಮನೆಯಲ್ಲೇ ಬಿಟ್ಟು ಬಂದು ನರಸೀಪುರದ ಬಸ್ಸು ಹತ್ತುತ್ತೇನೆ. ಆಸ್ಪತ್ರೆಯವರು ಫೋನ್ ಮಾಡಿದರೆ ಊರಲ್ಲಿ ಸಾವು ಎನ್ನುತ್ತೇನೆ.
ಇವತ್ತು ಅಲ್ಲಿನ ಹೊಳೆ ಮೆಟ್ಟಿಲ ಮೇಲೆ ಮಾದಯ್ಯನಿಗೆ ಎಲ್ಲ ಹೇಳಿದೆ. ನನ್ನ ಜೊತೆ ಕಂಬ ಹತ್ತಿದವನು. ಬಿದ್ದು ಬಿದ್ದು ನಕ್ಕ.
"ಎಕ್ಸ್‌ರೇ ತಗ್ದಾಗ ನಿಂಗೆ ಶಾಕ್ ಒಡೀತೇನ್ಲಾ? ಇದೂ ಅಂಗೇ ಕಣ್ಲಾ, ವಸಿ ಜೋರು. ಜನ ಕರೆಂಟ್ ಅಂದ್ರೆ ನೀನು ಟೆಸ್ಟರ್ ಇಡ್ಕಂಡು ನಿಂತ್ಕಂಡ್ಯಲ್ಲ!"
ಹೌದಲ್ಲ. ನಾಚಿಕೆಯಾಯಿತು. ಆಮೇಲೆ ಹೆದರಿಕೆ.

ಜೂನ್ 19
ಒಬ್ಬನೇ ಹೋಗಿ ಡಾಕ್ಟರಿಗೆ ಎಲ್ಲ ಒಪ್ಪಿಕೊಂಡೆ. ಬೈಯಲಿಲ್ಲ. "ಗಡ್ಡೆ ರಕ್ತನಾಳಕ್ಕೆ ಅಂಟಿದೆ. ಬಿಟ್ಕೊಂಡ್ರೆ ಆಪರೇಷನ್, ಇಲ್ಲಾಂದ್ರೆ ಆಗಲ್ಲ. ಅದಕ್ಕೇ ಕರೆಂಟ್. ಮಧ್ಯೆ ದಿನ ತಪ್ಪಿಸಬಾರದು ಯಜಮಾನ್ರೇ." ತಪ್ಪಿದ್ದನ್ನು ಕೊನೆಗೆ ಸೇರಿಸುತ್ತಾರಂತೆ.
ಪವಿತ್ರ ಮುಚ್ಚಿಟ್ಟಿದ್ದು ಇಷ್ಟೇ. ನನ್ನ ನಾಲ್ಕು ದಿನದ ಸಂಗತಿ ಅವಳಿಗೆ ಹೇಳಲಿಲ್ಲ.

ಆಗಸ್ಟ್ 12
ಹೊಸ ಸ್ಕ್ಯಾನ್. ಗಡ್ಡೆ ಕುಗ್ಗಿದೆ. ಒಂದು ಕಡೆ ಇನ್ನೂ ಬಿಟ್ಟಿಲ್ಲ. ಆಪರೇಷನ್ ಸದ್ಯಕ್ಕೆ ಬೇಡ ಅಂದರು.
ಪವಿತ್ರ ಅತ್ತುಬಿಟ್ಟಳು. "ನಮ್ಮಪ್ಪ ಒಂದಿನಾನೂ ತಪ್ಪಿಸಿಲ್ಲ ಸಾ. ಅಷ್ಟು ನಿಯತ್ತಾಗಿ ಬಂದವ್ರೆ. ಅಂಗಿದ್ರೂ ಯಾಕೆ ಬಿಡ್ನಿಲ್ಲ?"
ಡಾಕ್ಟರ್ ಫೈಲಿನಿಂದ ತಲೆಯೆತ್ತಿ ನನ್ನ ಮುಖ ನೋಡಿದರು. ಮತ್ತೆ ಫೈಲಿನತ್ತ ತಲೆ ಬಗ್ಗಿಸಿದರು. ಆ ನಾಲ್ಕು ದಿನದಿಂದಲೇ ಹೀಗಾಯಿತೋ ಏನೋ. ಕೇಳುವ ಧೈರ್ಯ ಬರಲಿಲ್ಲ.
ಈಗ ಒಳಗೆ ಗಂಜಿ ಕಾಯಿಸುತ್ತಿದ್ದಾಳೆ. ಹೇಳಿಬಿಡಬೇಕು. ಹೇಗೆ ಶುರು ಮಾಡಲಿ? ಪವಿತ್ರಾ, ಜೂನ್‌ನಲ್ಲಿ ನಾಲ್ಕು ದಿನ ನಾನು…