ಬೆಟ್ಟದ ಹೊಟ್ಟೆಯೊಳಗೆ ಕೆಲಸ

ಫೆಬ್ರುವರಿ 6, ಬೆಳಿಗ್ಗೆ

ಇವತ್ತೂ ಗಂಟು ಹಾಕುವ ಪಾಠವೇ. ಇಷ್ಟು ವರ್ಷ ಕಾಲರ್ ಹೊಲಿದ ಕೈ, ಹಗ್ಗ ಕೊಟ್ಟರೆ ಹಾವು ಹಿಡಿದ ಹಾಗೆ ಹಿಡಿಯುತ್ತದೆ. ಬಟ್ಟೆ ಕಾರ್ಖಾನೆ ಮುಚ್ಚಿದ ಮೇಲೆ ನಮ್ಮಲ್ಲಿ ಕೆಲವರು ಪ್ರವಾಸೋದ್ಯಮ ಇಲಾಖೆಯ ಈ ತರಬೇತಿಗೆ ಸೇರಿದೆವು. ಊರ ಹಿಂದಿನ ಬೆಟ್ಟದ ಗುಹೆಯನ್ನು ಸರ್ಕಾರ ಜನರಿಗೆ ತೆರೆಯುತ್ತದಂತೆ. ನಾವು ಗೈಡುಗಳು. ಪಾಸಾದರೆ.

ಅತ್ತೆಗೆ ಇನ್ನೂ ನಗು ನಿಂತಿಲ್ಲ.

"ಕತ್ತಲೆ ತೋರ್ಸೋಕೆ ಸಂಬಳಾನಾ? ಕರೆಂಟ್ ಹೋದಾಗ ನಮ್ಮನೇಲೇ ಪುಕ್ಕಟೆ ತೋರಿಸ್ತೀನಿ ಕಣೇ!"

ಇವರು ವ್ಯಾನಿನ ಕೀ ಹುಡುಕುವ ನೆಪದಲ್ಲಿ ಆ ಕಡೆ ತಿರುಗಿ ನಕ್ಕರು. ಭುಜ ಕುಣಿಯುತ್ತಿತ್ತು. ಕಾಣಲಿಲ್ಲ ಅಂದುಕೊಂಡಿದ್ದಾರೆ.

ಫೆಬ್ರುವರಿ 14

ಇವತ್ತು ಒಳಗೆ ಕರೆದುಕೊಂಡು ಹೋದರು.

ಹೇಗೆ ಬರೆಯಲಿ... ಈ ಊರಲ್ಲೇ ಹುಟ್ಟಿ ಈ ಊರಿಗೇ ಸೊಸೆಯಾದವಳು ನಾನು. ಬಟ್ಟೆ ಒಣಹಾಕುವಾಗ ದಿನಾ ಕಣ್ಣೆದುರಿಗೆ ಅದೇ ಬೆಟ್ಟ. ಅದರ ಹೊಟ್ಟೆಯಲ್ಲಿ ಇದೆಲ್ಲ ಇತ್ತು ಅಂತ ಯಾರಿಗೆ ಗೊತ್ತಿತ್ತು!

ಹೆಲ್ಮೆಟ್ಟಿನ ದೀಪ ಹಾಯಿಸಿದ ಕಡೆಯೆಲ್ಲ ಕಲ್ಲು ಇಳಿಬಿದ್ದಿದೆ. ಕೆಲವು ಸೂಜಿಯಷ್ಟು ಸಣ್ಣ, ಕೆಲವು ಕಂಬದಷ್ಟು ದಪ್ಪ. ಹನಿ ಹನಿ ನೀರು ಇಳಿದು, ಅದರ ಸುಣ್ಣ ಉಳಿದು ಬೆಳೆದದ್ದಂತೆ. ನಮ್ಮ ತರಬೇತಿದಾರ — ನಾವು ಹಗ್ಗದ ಮೇಷ್ಟ್ರು ಅನ್ನುತ್ತೇವೆ — ಒಂದನ್ನು ತೋರಿಸಿ, "ಇದು ಒಂದು ಗೇಣು ಬೆಳೆಯೋಷ್ಟರಲ್ಲಿ ರಾಜರು ಎಷ್ಟು ಜನ ಬಂದ್ಹೋದ್ರೋ!" ಅಂದರು.

ಆಮೇಲೆ ಕಂಬಿ ಹಾಕಿದ ಜಾಗ. ಬಗ್ಗಿ ನೋಡಿದೆ. ಆಳವಾದ ಕೊರಕಲು, ತಳದಿಂದ ಈಟಿಯಂಥ ಕಲ್ಲುಗಳು ಮೇಲಕ್ಕೆ ಎದ್ದಿವೆ. ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮೇಷ್ಟ್ರು ಬೆರಳು ಒದ್ದೆ ಮಾಡಿ ಒಂದು ಹನಿ ಕೆಳಗೆ ಚಿಮುಕಿಸಿದರು. ಇಡೀ ಕೊರಕಲು ಅಲ್ಲಾಡಿತು!

ಕೊರಕಲೇ ಅಲ್ಲ. ನೀರು. ಮೊಣಕಾಲುದ್ದದ ನೀರು, ಅಷ್ಟು ನಿಶ್ಚಲ. ನಾನು ನೋಡಿದ್ದು ತಲೆ ಮೇಲಿನ ಚಾವಣಿಯನ್ನು. ನನಗೆ ಅಳು ಬಂತು. ಯಾಕೋ ಗೊತ್ತಿಲ್ಲ.

ಮನೆಗೆ ಬಂದು ಹೇಳಿದೆ. ಅತ್ತೆ ಬಟ್ಟೆ ಮಡಚುವುದನ್ನು ನಿಲ್ಲಿಸಿದರು. "ಇನ್ನೊಂದ್ಸಲ ಹೇಳು," ಅಂದರು.

ಫೆಬ್ರುವರಿ 23

ಆಗಲಿಲ್ಲ. ನೀರಿನ ಆಚೆ ಒಂದು ಸಂದು ಇದೆ, ಹೊಟ್ಟೆ ಮೇಲೆ ತೆವಳಬೇಕು. ಗೈಡ್ ಆಗುವವರೆಲ್ಲ ಅದನ್ನು ದಾಟಲೇಬೇಕು. ಅರ್ಧಕ್ಕೆ ಹೋದೆ. ಬೆನ್ನಿಗೆ ಕಲ್ಲು ತಾಗಿತು, ಎದೆಗೆ ಕಲ್ಲು ತಾಗಿತು. ಕಿರುಚಿಕೊಂಡೆನಂತೆ. ಕಾಲು ಹಿಡಿದು ಎಳೆದರು.

ಸಾಕು. ಇನ್ನು ಹೋಗುವುದಿಲ್ಲ.

ಮಾರ್ಚ್ 4

ಹೋಗಿಲ್ಲ. ಇವತ್ತು ಪಾತ್ರೆ ತೊಳೆಯುತ್ತಿದ್ದಾಗ ಅತ್ತೆ ಬಂದು ಪಕ್ಕದಲ್ಲಿ ನಿಂತರು.

"ಏನೇ, ಪೂರ್ತಿ ಬಿಟ್ಟೇಬಿಟ್ಯಾ?"

"ಭಯ ಆಗತ್ತೆ ಅತ್ತೆ."

"ಆಗ್ಲಿ. ಆದ್ರೆ ನಾನೇನ್ಮಾಡ್ಲಿ? ಆ ಕನ್ನಡಿ ನೀರಿನ ವಿಷಯ ಬೀದಿಗೆಲ್ಲ ಹೇಳಿಟ್ಟಿದ್ದೀನಿ. ನನ್ ಸೊಸೆ ತೋರಿಸ್ತಾಳೆ ಅಂದಿದ್ದೀನಿ. ಈಗ ಯಾವ ಮುಖ ಇಟ್ಕೊಂಡು ಹಾಲಿಗೆ ಹೋಗ್ಲಿ?"

ನಗಬೇಕೋ ಅಳಬೇಕೋ!

ಮಾರ್ಚ್ 5

ಹೋದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಮೇಷ್ಟ್ರು ಹೆಲ್ಮೆಟ್ ಕೈಗಿಟ್ಟರು. ಸಂದಿನಲ್ಲಿ ಅವರು ಮುಂದೆ, ನಾನು ಹಿಂದೆ. ಅದೇ ಜಾಗ, ಅದೇ ಕಲ್ಲು. ಮುಂದಿನಿಂದ ದನಿ ಬಂತು.

"ಉಸಿರು ಬಿಡೀಮ್ಮಾ. ಬಿಟ್ಟಾಗ ಎದೆ ಇಳಿಯುತ್ತೆ. ಇಳಿದಾಗ ಜರುಗಿ. ಆಮೇಲೆ ಆರಾಮಾಗಿ ಉಸಿರು ತಗೊಳ್ಳಿ. ಬೆಟ್ಟಕ್ಕೇನು ಅವಸರ ಇಲ್ಲ."

ಬಿಟ್ಟೆ. ಜರುಗಿದೆ. ಬಿಟ್ಟೆ. ಜರುಗಿದೆ.

ಆಚೆ ಎದ್ದು ನಿಂತು ದೀಪ ಎತ್ತಿದರೆ ಬೆಳಕು ಚಾವಣಿಯನ್ನು ಮುಟ್ಟಲೇ ಇಲ್ಲ. ಅಷ್ಟು ಎತ್ತರ. ಗೋಡೆಯ ತುಂಬ ಬಿಳಿ ಹರಳು — ಉಪ್ಪು ಎರಚಿದ ಹಾಗೆ, ಇಬ್ಬನಿ ಹೆಪ್ಪುಗಟ್ಟಿದ ಹಾಗೆ. ಎರಡೂ ಅಲ್ಲ. ನನ್ನ ಹತ್ತಿರ ಇರುವ ಮಾತು ಸಾಲದು. ಕೂತುಬಿಟ್ಟೆ. ಇದು ಯಾರೂ ನೋಡದೆ ಇಷ್ಟು ಕಾಲ ಇಲ್ಲಿ ಹೀಗೇ ಇತ್ತು. ನಾನು ಕೆಳಗೆ ಕಾಲರ್ ಹೊಲಿಯುತ್ತಿದ್ದಾಗಲೂ ಇತ್ತು.

ಮಾರ್ಚ್ 27

ಪರೀಕ್ಷೆ. ಇಲಾಖೆಯ ಮೇಡಂ ಮತ್ತು ಅವರು ಕರೆತಂದ ಅತಿಥಿಗಳು. ಗೈಡ್ ನಾನೊಬ್ಬಳೇ, ಮೇಷ್ಟ್ರು ಎಲ್ಲರ ಹಿಂದೆ. "ತಲೆ ಜೋಪಾನ" ಅನ್ನುತ್ತಾ ನಾನೇ ಒಮ್ಮೆ ತಲೆ ಬಡಿಸಿಕೊಂಡೆ. ಹೆಲ್ಮೆಟ್ ಎಷ್ಟು ಗಟ್ಟಿ ಅಂತ ತೋರಿಸಿದೆ ಅಂದೆ. ನಕ್ಕರು.

ಕಂಬಿಯ ಹತ್ತಿರ ಬಂದಾಗ ದಾರಿಯುದ್ದಕ್ಕೂ ಹೊಸದಾಗಿ ಹಾಕಿದ್ದ ದೀಪಗಳೆಲ್ಲ ಆರಿಹೋದವು. ಕರೆಂಟ್. ಅತಿಥಿಗಳ ಹೆಲ್ಮೆಟ್ಟಿಗೆ ದೀಪ ಇರಲಿಲ್ಲ. ಕೂಗಾಟ ಶುರು. ದಪ್ಪ ದನಿಯ ಒಬ್ಬರು ಹಿಂದಕ್ಕೆ ನುಗ್ಗಲು ಹೊರಟರು. ಕೆಳಗೆ ಒದ್ದೆ ಮೆಟ್ಟಿಲು. ಬಿದ್ದರೆ ತಲೆ ಒಡೆಯುತ್ತದೆ. ಅವರ ತೋಳು ಹಿಡಿದೆ.

"ಸಾರ್, ಕೂತ್ಕೊಳ್ಳಿ. ಎಲ್ರೂ ಇದ್ದಲ್ಲೇ ಕೂತ್ಕೊಳ್ಳಿ. ನನ್ನ ದೀಪ ಇದೆ, ನಾನಿದ್ದೀನಿ. ಈಗ ಉಸಿರು ಬಿಡಿ. ಪೂರ್ತಿ."

ಕೂತರು. ಬಿಟ್ಟರು. ನಾನೂ ಬಿಟ್ಟೆ. ಒಬ್ಬೊಬ್ಬರೇ ಸುಮ್ಮನಾದರು. ಆಗ ಎಲ್ಲೋ ದೂರದಲ್ಲಿ ಒಂದು ಹನಿ ಬಿತ್ತು. ತುಂಬ ಹೊತ್ತಿನ ಮೇಲೆ ಇನ್ನೊಂದು. ಕಲ್ಲು ಬೆಳೆಯುವ ಸದ್ದು! ದೀಪ ಬಂದ ಮೇಲೂ ಯಾರೂ ಏಳಲಿಲ್ಲ. ಆ ದಪ್ಪ ದನಿಯವರೇ "ಇನ್ನೊಂದು ಬೀಳ್ಲಿ, ಇರಿ" ಅಂದರು.

ಪಾಸು. ಮೇಡಂ ಕೈ ಕುಲುಕಿದರು. ಮೇಷ್ಟ್ರು ತಮ್ಮ ಹಗ್ಗ ನನ್ನ ಹೆಗಲಿಗೆ ಹಾಕಿದರು.

ಏಪ್ರಿಲ್ 19, ಸಂಜೆ

ಗುಹೆ ತೆರೆಯಿತು. ಮೊದಲ ಗುಂಪಿನಲ್ಲೇ ಅತ್ತೆ, ಇವರ ಕೈ ಹಿಡಿದು. ಬಾಗಿಲಿನಿಂದ ಕಂಬಿಯವರೆಗೆ ಬಾಯಿಗೆ ಬಿಡುವಿಲ್ಲ. ಮೆಟ್ಟಿಲು ಜಾರತ್ತೆ, ಗಾಳಿ ತಣ್ಣಗಿದೆ, ಹೆಲ್ಮೆಟ್ಟು ತಲೆ ಒತ್ತತ್ತೆ. ಕಂಬಿಯಿಂದ ಬಗ್ಗಿ ನೋಡಿದರು. ಹನಿ ಚಿಮುಕಿಸಿದೆ.

ಅತ್ತೆ ನನ್ನ ಕೈ ಹಿಡಿದುಕೊಂಡರು. ಮನೆ ಬರುವವರೆಗೆ ಬಿಡಲಿಲ್ಲ. ಒಂದು ಮಾತಿಲ್ಲ. ಇವರಿಗೆ ಗಾಬರಿ. "ಅಮ್ಮ, ಹುಷಾರಿಲ್ವಾ?" ಅಂತ ಎರಡು ಸಲ ಕೇಳಿದರು.

ಈಗ ಹೊರಗೆ ಜಗಲಿಯಲ್ಲಿ ಅತ್ತೆಗೆ ಬಾಯಿ ಬಂದಿದೆ. ಅಕ್ಕಪಕ್ಕದವರೆಲ್ಲ ಸೇರಿದ್ದಾರೆ. ಆ ನೀರು ಸಮುದ್ರದಷ್ಟಂತೆ, ಅದರೊಳಗೆ ಆಕಾಶ ಇದೆಯಂತೆ. ಮೊಣಕಾಲುದ್ದ ಅಷ್ಟೇ ಅಂತ ಹೇಳಿಬಿಡೋಣ ಅಂತ ಎದ್ದೆ. ಬಾಗಿಲವರೆಗೆ ಹೋಗಿ ವಾಪಸ್ ಬಂದೆ. ನಿಜ ಹೇಳಬೇಕೆಂದರೆ ನನಗೂ ಅದು ಮೊಣಕಾಲುದ್ದ ಅಲ್ಲ.