ಮೂರನೇ ಗೂಟದ ಅಳತೆ

೪ ಜುಲೈ ೧೯೯೫, ಬೆಳಿಗ್ಗೆ ೯
ಮಳೆ ನಿಂತಿಲ್ಲ. ಸಾಂಗೆ ಪೇಟೆಯ ಬಸ್ಸೂ ಇಲ್ಲ. ನಡೆದೇ ಗಣಿ ಆಫೀಸಿಗೆ ಬಂದೆ. ಠಾಕಪ್ಪಕಾಕಾ ಎಂದಿನಂತೆ ಒದ್ದೆ ನೋಟ್‌ಬುಕ್ ಕೊಟ್ಟರು. ಗಣಿ ಅಗೆದು ಸುರಿದ ಮಣ್ಣಿನ ಡಂಪು ಗುಡ್ಡದಷ್ಟಾಗಿದೆ. ಅದರ ಮೇಲಿನ ಗೂಟಗಳು ದಿನಕ್ಕೆಷ್ಟು ಜರುಗಿದವು ಎಂದು ಅವರು ಅಳೆಯುತ್ತಾರೆ, ನಾನು ಕಂಪ್ಯೂಟರಿಗೆ ಹಾಕುತ್ತೇನೆ.
ಮೂರನೇ ಗೂಟ: ಮೊನ್ನೆ ನಾಲ್ಕು ಸೆಂಟಿಮೀಟರ್, ನಿನ್ನೆ ಆರು, ಇಂದು ಒಂಬತ್ತು.
“ಹನುಮವ್ವ, ಗುಡ್ಡ ನಡ್ಯಾಕತ್ತೈತಿ,” ಎಂದರು.
ಅದರ ಬುಡದಲ್ಲೇ ಗಣಿ ಕೂಲಿಗೆ ಬಂದ ನಮ್ಮವರ ಹನ್ನೊಂದು ಜೋಪಡಿ. ಅವ್ವ ಅಲ್ಲೇ...

೫ ಜುಲೈ
ನಿನ್ನೆ ಹಾಕಿದ ಒಂಬತ್ತು ಇಂದು ಸ್ಕ್ರೀನ್ ಮೇಲೆ ಎರಡು! ಹಿಂದಿನವೂ ಎರಡೇ. ಎಲ್ಲ ಎಂಟ್ರಿಯ ಮುಂದೆ ನನ್ನ ಹೆಸರು. ನನ್ನ ಪಾಸ್‌ವರ್ಡ್ ಗೊತ್ತಿರುವುದು ಮ್ಯಾನೇಜರಿಗೆ ಮಾತ್ರ—ಹೋದ ತಿಂಗಳು ಕೇಳಿ ಬರೆಸಿಕೊಂಡಿದ್ದರು. ಕೊಟ್ಟೆ. ಪೆದ್ದಿ ನಾನು.
ಸರಿಯಾದ ಅಂಕಿ ಮತ್ತೆ ಹಾಕಿದೆ. ಪ್ರಿಂಟ್ ತೆಗೆದೆ. ಪಾಸ್‌ವರ್ಡ್ ಬದಲಾಯಿಸಿದೆ.

೬ ಜುಲೈ, ಮಧ್ಯಾಹ್ನ
ಮ್ಯಾನೇಜರ್ ಕ್ಯಾಬಿನ್ನಿಗೆ ಕರೆದರು. ಹೊಸ ಪಾಸ್‌ವರ್ಡ್ ಬೇಕಂತೆ. ಹಿಂದಿಯಲ್ಲಿ, ಮೆಲ್ಲಗೆ: ಡಂಪು ಜರುಗುವುದು ಪಣಜಿಯ ಸರ್ಕಾರಕ್ಕೆ ಗೊತ್ತಾದರೆ ಗಣಿ ನಿಲ್ಲುತ್ತದೆ, ನಿಮ್ಮವರದೇ ಕೆಲಸ ಹೋಗುತ್ತದೆ.
“ಅಳತಿ ಸುಳ್ಳ ಮಾಡಿದ್ರ ಮಣ್ಣ ನಿಲ್ತೈತೇನ್ರಿ?”—ಸಿಟ್ಟಿಗೆ ಕನ್ನಡವೇ ಬಾಯಿಗೆ ಬಂತು. ಆಮೇಲೆ ಹಿಂದಿಯಲ್ಲಿ ಹೇಳಿದೆ, ಕೊಡುವುದಿಲ್ಲ.
ನಾಳೆಯಿಂದ ಬರಬೇಡ ಎಂದರು. ನಾಳೆಯವರೆಗೆ ಯಾಕೆ? ಛತ್ರಿ ಎತ್ತಿಕೊಂಡು ಆಗಲೇ ಹೊರಬಿದ್ದೆ. ದಾರಿಯಲ್ಲಿ ಠಾಕಪ್ಪಕಾಕಾ ಸಿಕ್ಕರು. ಇಂದಿನ ಅಳತೆ ಹದಿನಾಲ್ಕು.

ಅದೇ ದಿನ, ಸಂಜೆ
ಮನೆಮನೆಗೆ ಹೋಗಿ ಪ್ರಿಂಟ್ ತೋರಿಸಿದೆ.
“ಏನೂ ಆಗೂದಿಲ್ಲ ಅಂತ ಸಾಹೇಬ್ರ ಹೇಳ್ಯಾರಲ್ಲ?” ಪಕ್ಕದ ಮನೆಯ ಕಾಸೀಮಸಾಬಕಾಕಾ.
“ಸಾಹೇಬ್ರ ಮನಿ ಇಲ್ಲೈತೇನ್ರಿ ಕಾಕಾ?”
ಯಾರೂ ಅಲ್ಲಾಡಲಿಲ್ಲ. ಅವ್ವ ಒಲೆಯ ಮೇಲಿನ ಅನ್ನ ಇಳಿಸಿದಳು, ಪಾತ್ರೆ ತಲೆಯ ಮೇಲಿಟ್ಟುಕೊಂಡು ಮಳೆಯಲ್ಲೇ ಆಚೆ ದಿಬ್ಬದ ಶಾಲೆಯ ಕಡೆ ಹೊರಟಳು. ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ. ಕಾಸೀಮಸಾಬಕಾಕಾ ಕೊನೆಗೆ, ಬೈಯುತ್ತಲೇ.

೧೦ ಜುಲೈ
ಬರೆಯಲು ಆಗಿರಲಿಲ್ಲ. ಏಳರಂದು ಮಧ್ಯಾಹ್ನ ಮೂರಕ್ಕೆ ಡಂಪು ಕುಸಿಯಿತು. ಹನ್ನೊಂದು ಮನೆಯೂ ಇಲ್ಲ. ಕೆಂಪು ಕೆಸರು, ಅಷ್ಟೇ. ನಾವೆಲ್ಲ ಇದ್ದೇವೆ. ಬಿಟ್ಟುಬಂದಿದ್ದ ಎರಡು ಆಡು ಹೋದವು. ಕಾಸೀಮಸಾಬಕಾಕಾ ನನ್ನ ತಲೆಯ ಮೇಲೆ ಕೈಯಿಟ್ಟರು.

೧೧ ಜುಲೈ, ಬೆಳಿಗ್ಗೆ ೧೦, ಶಾಲೆಯ ಕಟ್ಟೆ
ವಿಚಾರಣೆಗೆ ಸರ್ಕಾರದ ಇನ್ಸ್‌ಪೆಕ್ಟರ್ ಬಂದು ಒಳಗೆ ಕೂತಿದ್ದಾರೆ. ಮ್ಯಾನೇಜರ್ ಟೈಪ್ ಮಾಡಿಸಿದ ಕಾಗದ ಕಳಿಸಿದ್ದಾರೆ—ತಪ್ಪು ಅಂಕಿ ಹಾಕಿದವಳು ನಾನೇ ಎಂದು. ಸಹಿ ಹಾಕಿದರೆ ಕೆಲಸ ವಾಪಸ್ಸಂತೆ. ಅವ್ವನಿಗೆ ಓದಿ ಹೇಳಿದೆ.
“ನೀ ಹಾಕಿದ್ದು ಖರೇ ಇತ್ತೇನು?”
“ಖರೇನ ಇತ್ತವ್ವ.”
“ಮತ್ಯಾಕ ಕುಂತಿ?”
ನನ್ನ ಹೆಸರು ಕೂಗುತ್ತಿದ್ದಾರೆ. ಸಹಿ ಹಾಕಿಲ್ಲ. ಕಾಗದ ಹರಿಯುವುದೂ ಇಲ್ಲ. ಇದನ್ನೂ ನನ್ನ ಪ್ರಿಂಟನ್ನೂ ಇನ್ಸ್‌ಪೆಕ್ಟರ್ ಮುಂದೆ ಇಟ್ಟು, ಎಲ್ಲರಿಗೂ ಕೇಳುವ ಹಾಗೆ ಮೂರನೇ ಗೂಟದ ಅಳತೆ ಓದುತ್ತೇನೆ—ನಾಲ್ಕು, ಆರು, ಒಂಬತ್ತು, ಹದಿನಾಲ್ಕು.