ಸೇಸಮ್ಮ ನೋಡದ ಅರ್ಬಿ

ಸೇಸಮ್ಮಾ,

ನೀನು ಏಳುವ ಮೊದಲೇ ಹೊರಟಿದ್ದೇನೆ. ದನಕ್ಕೆ ಹುಲ್ಲು ಹಾಕಿದ್ದೇನೆ. ಗಂಜಿ ಒಲೆಯ ಮೇಲೆ ಉಂಟು. ಸ್ವಲ್ಪ ಅಡಿ ಹಿಡಿದಿದೆ, ಬೈಯಬೇಡ.

ನಿನ್ನೆ ಮೂಡಬಿದ್ರೆಯ ಮೇಷ್ಟ್ರ ಹೆಂಡತಿ ನನ್ನ ಜೊತೆ ಗುಡ್ಡ ಹತ್ತಿ, ಅರ್ಬಿಯ ನೀರು ಬಂಡೆಯ ಮೇಲಿಂದ ಬೀಳುವುದನ್ನು ನೋಡಿ ಬಂದು, ನಮ್ಮ ಜಗಲಿಯಲ್ಲಿ ಕೂತು, "ಹುಲಿ ಎಂತದು ಮಾರಾಯ್ತಿ, ಒಂದು ಮಂಗ ಸಹ ಕಾಣಲಿಲ್ಲ" ಎಂದದ್ದೇ ತಡ, ನಿನ್ನ ಮುಖ ಕಪ್ಪಿಟ್ಟಿತು. "ಹದಿನಾಲ್ಕು ವರ್ಷ ನನ್ನನ್ನು ಹೆದರಿಸಿ ಮನೆಯಲ್ಲಿ ಕೂರಿಸಿದ್ದಾ ನೀವು?" ಎಂದು ಕೇಳಿ ಮಾತು ಬಿಟ್ಟೆ.

ಹೌದು. ಹುಲಿ ಇಲ್ಲ. ತೆಂಗಿನ ಮರದಷ್ಟು ದಪ್ಪದ ಹೆಬ್ಬಾವೂ ಇಲ್ಲ. ಜಿಗಣೆ ಮಾತ್ರ ಲಕ್ಷಗಟ್ಟಲೆ ಉಂಟು, ಅದು ಸತ್ಯ. ಕಲೆಕ್ಟರರೇ ಬಂದರೂ ಈ ಡೊಂಬಯ್ಯ ಇಲ್ಲದೆ ಆ ಗುಡ್ಡದಲ್ಲಿ ದಾರಿ ಸಿಗದು, ಅದೂ ಸತ್ಯ. ಮೊದಮೊದಲು ಜಂಬಕ್ಕೆ ಹುಲಿಯ ಕತೆ ಹೇಳಿದೆ. ಈಗ ಮೊಣಕಾಲಿಗಾಗಿ ಹೇಳುತ್ತೇನೆ. ಏರಿನಲ್ಲಿ ದಮ್ಮು ಕಟ್ಟಿದಾಗಲೆಲ್ಲ "ಇಕೊಳ್ಳಿ, ಹುಲಿಯ ಹೆಜ್ಜೆ" ಎಂದು ನೆಲ ತೋರಿಸಿ ಕೂತುಬಿಡುತ್ತೇನೆ. ಬಂದವರು ಹೆಜ್ಜೆ ಹುಡುಕುವಷ್ಟರಲ್ಲಿ ನನಗೆ ಉಸಿರು ಬರುತ್ತದೆ. ನಿನ್ನೆದುರು ಅದು ನಡೆಯುವುದಿಲ್ಲವೆಂದೇ ನಿನ್ನನ್ನು ಕರೆಯಲಿಲ್ಲ.

ನಿನ್ನೆ ಹತ್ತಿಳಿದ ಕಾಲು ಇನ್ನೂ ಬಾತಿದೆ. ಆದರೂ ದಾರಿಯ ಮುಳ್ಳು ಕಡಿಯಲು ಕತ್ತಿ ಹಿಡಿದು ಮುಂದೆ ಹೋಗುತ್ತೇನೆ. ಸುಣ್ಣ, ಹೊಗೆಸೊಪ್ಪಿನ ಗಂಟು ಕಿಟಕಿಯಲ್ಲಿಟ್ಟಿದ್ದೇನೆ, ಜಿಗಣೆ ಹತ್ತದಂತೆ ಕಾಲಿಗೆ ಉಜ್ಜಿಕೋ. ಉಂಡು ಬಾ, ಅರ್ಬಿ ತೋರಿಸುತ್ತೇನೆ. ತೋಡಿನ ನೀರು ದಾಟುವ ಸಂಕದ ಹತ್ತಿರ ಕಾಯುತ್ತೇನೆ. ಇವತ್ತು ಬೇರೆ ಯಾರೂ ಇಲ್ಲ, ನಾವಿಬ್ಬರೇ. ನಾನು ಕೂತಲ್ಲಿ ಯಾಕೆಂದು ಕೇಳದೆ ನೀನೂ ಪಕ್ಕದಲ್ಲಿ ಕೂತರೆ ಸಾಕು.

ಡೊಂಬಯ್ಯ